ಅಧ್ಯಕ್ಷರ ಕಿರಿಯ ಮಗ

ರೇಡಿಯೇಟರಿನ ಬಿಸಿ ಎಡಗಾಲಿಗೆ ಮಾತ್ರ ತಾಕುತ್ತಿದೆ, ಬಲಗಾಲು ತಣ್ಣಗೆ, ಸೀರೆಯ ಅಂಚು ಒಂದು ಕಡೆ ಬೆಚ್ಚಗಾಗಿ ಆಗಷ್ಟೇ ಇಸ್ತ್ರಿ ಮಾಡಿದಂಥ ವಾಸನೆ, ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಳ್ಳಬೇಕು, ಆದರೆ ಎಳೆದರೆ ಈ ಚರ್ಚ್ ಹಾಲಿನ ಮರದ ನೆಲ ಕಿರ್ರೆನ್ನುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ನೋಡಿದ ಕೂಡಲೇ ಮುಖವನ್ನು ಮೆತ್ತಗೆ ಮಾಡಿಕೊಳ್ಳುತ್ತಾರೆ, ಮೂರು ವರ್ಷವಾಗುತ್ತ ಬಂತು, ಇನ್ನೂ ಮಾಡಿಕೊಳ್ಳುತ್ತಾರೆ — ಬೇಡ, ಕಾಲು ಸುಟ್ಟರೆ ಸುಡಲಿ, ದಾಕ್ಷಾಯಣಿ ಅಲ್ಲಾಡದೆ ಕೂತಳು. ಮುಂದೆ ಪರದೆಯ ಪಕ್ಕದಲ್ಲಿ ಇವರು, ಅವಳ ಗಂಡ ವಿಶ್ವೇಶ್ವರ, ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದಿದ್ದಾರೆ, ಒಂದೊಂದು ಉಸಿರೂ ಹಾಲಿನ ತುಂಬ ಕೇಳಿಸುತ್ತಿದೆ, ಕೋಟಿನ ತೋಳು ಉದ್ದವಾಗಿದೆಯೋ ಇವರೇ ಇಳಿದುಹೋಗಿದ್ದಾರೋ. ಊಟ ಮುಗಿದಿದೆ, ಬಿಸಿಬೇಳೆಬಾತಿನ ಇಂಗು ಇನ್ನೂ ಗಾಳಿಯಲ್ಲಿದೆ, ಕನ್ನಡ ಸಂಘದ ನವೆಂಬರಿನ ಸಭೆ, ಈ ಮ್ಯಾಂಚೆಸ್ಟರಿನಲ್ಲಿ ಬಾಳಿದ ಯಾರಾದರೂ ದೊಡ್ಡವರ ಬಗ್ಗೆ ಕನ್ನಡದಲ್ಲಿ ಮಾತಾಡಿ ಸಾರ್, ಫುಟ್‌ಬಾಲ್ ಆಡೋರು ಬೇಡ ಅಷ್ಟೆ, ಎಂದು ಕಾರ್ಯದರ್ಶಿ ನಾಗಭೂಷಣ ಬೇಸಿಗೆಯಲ್ಲೇ ಮನೆಗೆ ಬಂದು ಹೇಳಿಹೋಗಿದ್ದ, ಇವರು ಯೋಚನೆಯನ್ನೂ ಮಾಡದೆ ಹೇಳಿದರು, ಇಸ್ರೇಲಿನ ಮೊದಲ ಅಧ್ಯಕ್ಷ. ನಾಗಭೂಷಣ ಕಣ್ಣು ಬಿಟ್ಟ, ಅದು ರಾಜಕೀಯ ಆಗಲ್ವಾ ಸಾರ್, ಆಗುತ್ತೆ, ಆದರೆ ಮೊದಲು ಅವರು ಕೆಮಿಸ್ಟು, ನನ್ನ ಬ್ಯಾಕ್ಟೀರಿಯಾ ಅವರದು. ನನ್ನ ಬ್ಯಾಕ್ಟೀರಿಯಾ — ಯೂನಿವರ್ಸಿಟಿಯ ಲ್ಯಾಬಿನಲ್ಲಿ ಇವರು ಜೀವಮಾನವಿಡೀ ಸಾಕಿದ್ದು ಆ ಕಣ್ಣಿಗೆ ಕಾಣದ ಜೀವಗಳನ್ನೇ, ಮೆಕ್ಕೆಜೋಳದ ಹಿಟ್ಟು ತಿಂದು ಅಸಿಟೋನ್ ಬಿಡುವ ಜೀವಗಳು, ಉಗುರುಬಣ್ಣ ತೆಗೆಯುವ ನೀರಿನ ವಾಸನೆ ಹೊತ್ತು ಇವರು ಮನೆಗೆ ಬಂದರೆ ಮಕ್ಕಳಿಬ್ಬರೂ ಮೂಗು ಮುಚ್ಚಿಕೊಳ್ಳುತ್ತಿದ್ದರು, ಮಾಳವಿಕಾ ಅಪ್ಪ ಸ್ಮೆಲ್ಸ್ ಆಫ್ ನೇಲ್ಸ್ ಅನ್ನುವಳು, ಈಶಾನ್ ಬರಿದೇ ಅಕ್ಕನ ಹಿಂದೆ ನಿಂತು ನಗುವನು, ಮುಂದಿನ ಎರಡು ಹಲ್ಲು ಬಿದ್ದ ನಗು — ಅಲ್ಲಿಗೆ ಹೋಗಬೇಡ, ಪರದೆ ನೋಡು.

ಪರದೆಯ ಮೇಲೆ ಬೋಳುತಲೆಯ, ಚೂಪು ಗಡ್ಡದ ಮುಖ. ಹಾಯಿಮ್ ವೈಜ್‌ಮನ್, ಇವರು ಹೇಳುತ್ತಿದ್ದಾರೆ, ಆ ಹಾ ಗಂಟಲಿನ ಆಳದಿಂದ ಬರಬೇಕು, ನಮಗೆ ಕಷ್ಟ, ಹಾಗೆಂದರೆ ಅವರ ಭಾಷೆಯಲ್ಲಿ ಜೀವ ಅಂತ ಅರ್ಥ. ಬಚ್ಚಲಿನಲ್ಲಿ ಗಡ್ಡ ಹೆರೆದುಕೊಳ್ಳುತ್ತ ಇದನ್ನೇ ಅಭ್ಯಾಸ ಮಾಡುತ್ತಿದ್ದರು, ಹೊರಗಿನಿಂದ ಕೇಳಿದರೆ ಯಾರೋ ಅಳು ನುಂಗಿದ ಹಾಗೆ, ಅವಳು ಒಂದೆರಡು ಸಲ ಬಾಗಿಲ ತನಕ ಹೋಗಿ ನಿಂತು ವಾಪಸು ಬಂದಿದ್ದಾಳೆ. ರಷ್ಯಾ ದೊರೆಗಳ ಕಾಲದಲ್ಲಿ ಪಿನ್ಸ್ಕ್ ಹತ್ತಿರದ ಒಂದು ಕೆಸರು ಹಳ್ಳಿಯಲ್ಲಿ ಮರದ ವ್ಯಾಪಾರಿಯ ಮಗನಾಗಿ ಹುಟ್ಟಿದವರು, ಜರ್ಮನಿಯಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಓದಿ, ಸಾವಿರದ ಒಂಬೈನೂರ ನಾಲ್ಕರಲ್ಲಿ ಈ ಊರಿಗೆ ಬಂದರು, ಸರಿಯಾಗಿ ಇಂಗ್ಲಿಷ್ ಬರದು, ಪರಿಚಯದವರಿಲ್ಲ, ಯೂನಿವರ್ಸಿಟಿಯ ನೆಲಮಾಳಿಗೆಯಲ್ಲಿ ಒಂದು ಲ್ಯಾಬು. ಅವರ ಹೆಂಡತಿ ವೇರಾ ಡಾಕ್ಟರು, ಜಿನೀವಾದಲ್ಲಿ ಕಲಿತವರು, ಆದರೆ ಆ ಡಿಗ್ರಿ ಇಲ್ಲಿ ನಡೆಯಲಿಲ್ಲ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಮತ್ತೆ ಪರೀಕ್ಷೆಗೆ ಓದಿದರು, ಅಂದಾಗ ಇವರು ತಲೆಯೆತ್ತಿ ಅವಳ ಕಡೆ ನೋಡಿದರು, ಹಾಲಿನಲ್ಲಿದ್ದ ಹೆಂಗಸು ಡಾಕ್ಟರುಗಳೆಲ್ಲ ನಕ್ಕರು. ಅವಳಿಗೂ ನಗು ಬಂತು, ಬಂದದ್ದು ಆಶ್ಚರ್ಯವಾಯಿತು. ಮೈಸೂರಿನ ಚೆಲುವಾಂಬಾ ಆಸ್ಪತ್ರೆಯಲ್ಲಿ ಎಷ್ಟು ಹೆರಿಗೆ ಮಾಡಿಸಿ ಬಂದಿದ್ದಳೋ, ಇಲ್ಲಿ ಲೆವೆನ್‌ಶುಲ್ಮಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಪುಸ್ತಕ ಹರಡಿಕೊಂಡು ಮೊದಲಿನಿಂದ, ಹೊಟ್ಟೆಯಲ್ಲಿ ಈಶಾನ್, ಪುಟ ತಿರುಗಿಸಿದರೆ ಒದೆಯುತ್ತಿದ್ದ, ಇವನಿಗೂ ಓದು ಬೇಡವಂತೆ ಅಂತ ಇವರು ತಮಾಷೆ ಮಾಡಿದ್ದರು, ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕ ಮುದುಕ ಅವಳ ಬಾಯಿಂದ ವಾಮಿಟ್ ಎಂಬ ಒಂದು ಶಬ್ದವನ್ನು, ಉಚ್ಚಾರ ಸರಿಯಿಲ್ಲವೆಂದು, ಮತ್ತೆ ಮತ್ತೆ ಹೇಳಿಸಿದ್ದ. ಪಾಸಾದಳು, ಜಿಪಿ ಅನ್ನುವ ಬಡಾವಣೆಯ ಡಾಕ್ಟರು ಆದಳು, ಇಪ್ಪತ್ತೈದು ವರ್ಷ ಈ ಊರಿನ ಕೆಮ್ಮು, ಮಂಡಿನೋವು, ಮನಸ್ಸಿನ ನೋವು ಎಲ್ಲ ಕೇಳಿದಳು, ಎಷ್ಟು ಜನಕ್ಕೆ ಎದುರಿಗೆ ಕೂತು ಕೆಟ್ಟ ಸುದ್ದಿ ಹೇಳಿದ್ದಾಳೆ, ಐ ಆಮ್ ಅಫ್ರೇಡ್, ಐ ಆಮ್ ಅಫ್ರೇಡ್ ಅಂತ ಶುರು ಮಾಡಿ ಮಿಕ್ಕದ್ದನ್ನು ನಿಧಾನವಾಗಿ, ಸುತ್ತುಬಳಸಿಲ್ಲದೆ, ಕಣ್ಣಿಗೆ ಕಣ್ಣಿಟ್ಟು, ಅವರು ಕೇಳಿಸಿಕೊಳ್ಳುವ ತನಕ. ತನಗೆ ಹೇಳಿದಾಗ ಮಾತ್ರ ಅವಳು ಕೇಳಿಸಿಕೊಳ್ಳಲಿಲ್ಲ.

ಮೊದಲ ಮಹಾಯುದ್ಧ ಬಂತು, ಇವರ ದನಿ ಈಗ ಸರಾಗವಾಗಿದೆ, ಮದ್ದುಗುಂಡಿಗೆ ಅಸಿಟೋನ್ ಬೇಕು, ಬ್ರಿಟನ್ನಿನಲ್ಲಿ ಇಲ್ಲ, ವೈಜ್‌ಮನ್ನರ ಬ್ಯಾಕ್ಟೀರಿಯಾ ಅದನ್ನು ಮಾಡಿಕೊಟ್ಟಿತು, ಆ ಗುರುತಿನಿಂದ ದೊಡ್ಡ ದೊಡ್ಡ ಬಾಗಿಲುಗಳು ತೆರೆದವು, ತಮ್ಮ ಯಹೂದಿ ಜನಕ್ಕೆ ಪ್ಯಾಲೆಸ್ಟೈನಿನಲ್ಲಿ ಒಂದು ನೆಲೆ ಎಂದು ಸರ್ಕಾರದಿಂದ ಮಾತು ತೆಗೆದುಕೊಂಡರು, ಆ ನೆಲದಲ್ಲಿ ಆಗಲೇ ಮನೆ ಮಾಡಿಕೊಂಡಿದ್ದವರಿಗೆ ಆ ಮಾತಿನಿಂದ ಏನಾಯಿತು ಅನ್ನುವುದನ್ನೂ ಹೇಳದೆ ಈ ಕಥೆ ಹೇಳಬಾರದು. ಒಳ್ಳೆಯದು, ಹೇಳಿದರು, ಅವಳೇ ಹೇಳಿಸಿದ್ದು. ಅವಳ ಕ್ಲಿನಿಕ್ಕಿನ ಪಕ್ಕದ ಔಷಧಿ ಅಂಗಡಿಯವನು ಪ್ಯಾಲೆಸ್ಟೈನಿನ ಹೈಫಾ ಬಿಟ್ಟು ಓಡಿಬಂದವರ ಮಗ, ನನ್ನ ಗಂಡ ವೈಜ್‌ಮನ್ ಬಗ್ಗೆ ಮಾತಾಡುತ್ತಾರೆ ಎಂದು ಅವಳು ಹೇಳಿದಾಗ ಮಾತ್ರೆ ಎಣಿಸುವುದನ್ನು ನಿಲ್ಲಿಸಿ, ಆ ಹೆಸರು ಬಂದರೆ ನಮ್ಮಪ್ಪ ರೇಡಿಯೋ ಆರಿಸಿಬಿಡುತ್ತಿದ್ದರು ಡಾಕ್ಟರ್, ಬೈಯುತ್ತಿರಲಿಲ್ಲ, ಎದ್ದು ಹೋಗಿ ಆರಿಸುತ್ತಿದ್ದರು, ಅಷ್ಟೆ, ಅಂದಿದ್ದ. ಅವಳಿಗೆ ಆ ತಂದೆ ಚೆನ್ನಾಗಿ ಅರ್ಥವಾದ. ಅವಳೂ ಹಾಗೇ ಟೀವಿ ಆರಿಸಿದ್ದಳು. ಕ್ರಿಸ್‌ಮಸ್ಸಿನ ಮರುದಿನ, ಬೆಳಿಗ್ಗೆ, ದೋಸೆಯ ಕಾವಲಿ ಒಲೆಯ ಮೇಲಿತ್ತು, ಟೀವಿಯಲ್ಲಿ ಕಂದು ನೀರು, ತೆಂಗಿನಮರಗಳ ನಡುವೆ ಕಾರುಗಳು ತೇಲುತ್ತಿದ್ದವು, ಸುನಾಮಿ ಅಂದರು, ಸುಮಾತ್ರಾ ಅಂದರು, ಶ್ರೀಲಂಕಾ ಅಂದರು, ಥಾಯ್ಲೆಂಡ್ ಅಂದರು, ಅವಳು ಎದ್ದು ಹೋಗಿ ಆರಿಸಿದಳು, ಆರಿಸಿದರೆ ನೀರು ನಿಲ್ಲುತ್ತದೆ ಎಂಬಂತೆ, ಇವರು ಮತ್ತೆ ಹಾಕಿದರು, ಕಾವಲಿ ಹೊಗೆಯಾಡುತ್ತಿತ್ತು, ಈಶಾನ್ ಫುಕೆಟ್ ತಾನೇ ಅಂದದ್ದು, ಅಲ್ಲ ರೀ, ಖಾವೋ ಲಾಕ್, ಅದು ಬೇರೆ ಊರು, ದೂರ, ಬಹಳ ದೂರ ಇರಬೇಕು, ಮ್ಯಾಪ್ ತೆಗೀರಿ. ಹಿಂದಿನ ದಿನವಷ್ಟೇ ಫೋನ್ ಮಾಡಿದ್ದ. ಲೆಮಿಂಗ್ಟನ್ನಿನ ಕಂಪ್ಯೂಟರ್ ಗೇಮ್ ಕಂಪನಿಯ ಗೆಳೆಯರ ಜೊತೆ ರಜೆಗೆ ಹೋಗಿದ್ದ, ಗೇಮುಗಳಿಗೆ ಗೋಡೆ ಬಿಡಿಸುವ ಕೆಲಸ ಅವನದು, ಶನಿವಾರ ಮನೆಗೆ ಬಂದರೆ ಆನ್ಕೋಟ್ಸಿನ ಹಳೇ ಗಿರಣಿಗಳ ಮುಂದೆ ನಿಂತು ಇಟ್ಟಿಗೆಯ ಫೋಟೋ ತೆಗೆಯುತ್ತಿದ್ದ, ಅಮ್ಮಾ, ಸೀ, ನೋ ಟೂ ಬ್ರಿಕ್ಸ್ ಆರ್ ದ ಸೇಮ್, ಕನ್ನಡ ಎಲ್ಲ ತಿಳಿಯುತ್ತಿತ್ತು, ಬಾಯಲ್ಲಿ ಬರುತ್ತಿದ್ದದ್ದು ಅಮ್ಮಾ, ಸಾಕು, ಸಾರು, ಇನ್ನೊಂದು ನಾಲ್ಕು ಮಾತು. ಫೋನಿನಲ್ಲಿ ಗದ್ದಲ, ನಗು, ಅವಳು ಬಿಸಿಲಿಗೆ ಟೋಪಿ ಹಾಕ್ಕೊ ಅಂದಳು, ಅವನು, ದ ಸೀ ಈಸ್ ವಾರ್ಮ್ ಲೈಕ್ ಸಾರು, ಅಮ್ಮಾ. ಸಾರಿನ ಹಾಗೆ ಬೆಚ್ಚಗಿದೆಯಂತೆ. ಅದೇ ಅವನ ಕೊನೆಯ ಮಾತು, ಅಲ್ಲ, ಕೊನೆಯದು ಅಂತ ಯಾರು ಹೇಳಿದ್ದು, ಅವಳು ಹೇಳಿಲ್ಲ.

ಅವನಿಗೆ ಈಜು ಬರುತ್ತದೆ, ಅಂದಿದ್ದಳು, ಎಲ್ಲರಿಗೂ ಅದನ್ನೇ ಹೇಳಿದಳು, ಫೋನ್ ಮಾಡಿದವರಿಗೆ, ಮನೆಗೆ ಬಂದ ಪೊಲೀಸ್ ಹುಡುಗಿಗೆ, ಅವಳು ಪಾಪ ಚಿಕ್ಕವಳು, ಬೂಟು ಬಾಗಿಲಲ್ಲೇ ಬಿಚ್ಚಿಟ್ಟು ಬಂದಳು, ಡಿಎನ್‌ಎ ಪರೀಕ್ಷೆಗೆಂದು ಹತ್ತಿಕಡ್ಡಿಯಿಂದ ದಾಕ್ಷಾಯಣಿಯ ಕೆನ್ನೆಯ ಒಳಗಡೆ ಸವರಿಕೊಂಡಳು, ಸಾರಿ ಡಾಕ್ಟರ್, ನಿಮಗೆ ಇದೆಲ್ಲ ಗೊತ್ತಿರುತ್ತೆ, ಗೊತ್ತಿದೆಯಮ್ಮಾ, ಆದರೆ ಅವನಿಗೆ ಈಜು ಬರುತ್ತದೆ. ಏಳು ವರ್ಷಕ್ಕೇ ಕಲಿತಿದ್ದ, ವಿದಿಂಗ್ಟನ್ನಿನ ಈಜುಕೊಳದಲ್ಲಿ, ಬಿಳಿ ಹೆಂಚಿನ ಗೋಡೆ, ಕ್ಲೋರಿನ್ ವಾಸನೆ, ಅವಳು ಕೋಟು ಹಾಕಿಕೊಂಡೇ ಅಂಚಿನಲ್ಲಿ ಕೂತಿರುತ್ತಿದ್ದಳು, ಅವಳಿಗೆ ನೀರೆಂದರೆ ಭಯ, ಅದು ಅವನಿಗೆ ಗೊತ್ತು, ಬೇಕೆಂತಲೇ ಉಸಿರು ಕಟ್ಟಿ ಅವಳ ಕಾಲ ಬುಡದಲ್ಲೇ ಮುಳುಗುತ್ತಿದ್ದ, ಮುಳುಗಿ ನೀರಿನ ಕೆಳಗಿಂದ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದ — ಸಾಕು. ಆ ಮುಖ ಬೇಡ. ಇವರು ಎಲ್ಲಿದ್ದಾರೆ, ಯಾವ ಇಸವಿಗೆ ಬಂದರು, ಪರದೆಯ ಮೇಲೆ ಕಿತ್ತಲೆ ತೋಟ, ಅಧ್ಯಕ್ಷರ ಬಿಳಿ ಮನೆ, ರೆಹೋವೋತ್ ಅನ್ನುವ ಊರಂತೆ. ಆಗ ಥಾಯ್ಲೆಂಡಿಗೆ ಇವರೇ ಹೋದರು ಮಗನನ್ನು ಹುಡುಕಲು, ಒಬ್ಬರೇ, ಅವಳನ್ನು ಬರಬೇಡ ಅಂದರು, ನೀನು ಫೋನ್ ಹತ್ತಿರ ಇರು, ಅವನು ಫೋನ್ ಮಾಡಿದ್ರೆ ಯಾರು ಎತ್ತೋದು, ಅದೊಂದೇ ಸಲ ಇವರ ಬಾಯಲ್ಲೂ ಆ ಆಸೆ ಇತ್ತು, ಅವಳಿಗಾಗಿ ಹೇಳಿದ್ದೋ ನಿಜವಾಗಿ ಇತ್ತೋ. ವಾರಗಟ್ಟಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ, ದೇವಸ್ಥಾನದಿಂದ ದೇವಸ್ಥಾನಕ್ಕೆ, ದೇವಸ್ಥಾನಗಳಲ್ಲಿ ಸಾಲುಸಾಲಾಗಿ ಏನಿಟ್ಟಿದ್ದರು ಅಂತ ಆಮೇಲೆ ಪೇಪರಿನಲ್ಲಿ ಓದಿದಳು, ಇವರು ಹೇಳಲಿಲ್ಲ, ಇವತ್ತಿನ ತನಕ ಹೇಳಿಲ್ಲ. ವಾಪಸು ಬಂದವರು ಮನೆಯೊಳಗೆ ಕಾಲಿಡದೆ ಹಿತ್ತಲಿಗೆ ಹೋಗಿ, ಆ ಜನವರಿಯ ಚಳಿಯಲ್ಲಿ, ನಲ್ಲಿಯ ಕೆಳಗೆ ಶೂ ತೊಳೆದರು, ತೊಳೆದರು, ಸಾಕು ಬನ್ನಿ ಅಂದರೂ ತೊಳೆದರು, ಆಮೇಲೆ ಅವನ್ನು ಕಸದ ಡಬ್ಬಿಗೆ ಹಾಕಿ ಬರಿಗಾಲಲ್ಲಿ ಒಳಗೆ ಬಂದು, ಇಲ್ಲ ದಾಕ್ಷಾ, ಅಂದರು. ಇಲ್ಲ ಅಂದರೆ ಸಿಗಲಿಲ್ಲ ಅಂತ ಅವಳು, ಇಲ್ಲ ಅಂದರೆ ಇಲ್ಲ ಅಂತ ಇವರು, ಅವತ್ತಿನಿಂದ ಒಂದೇ ಮನೆಯಲ್ಲಿ ಆ ಒಂದು ಶಬ್ದದ ಎರಡು ಕಡೆ ನಿಂತಿದ್ದಾರೆ. ಇವರು ಸಾವಿನ ಸರ್ಟಿಫಿಕೇಟಿಗೆ ಸಹಿ ಮಾಡಿದರು, ಅವಳು ಮಾಡಲಿಲ್ಲ. ಮೈಸೂರಿನಿಂದ ಅತ್ತೆಯವರು ಫೋನಿನಲ್ಲಿ ಅತ್ತು ಅತ್ತು, ಕರ್ಮ ಮುಗಿಸ್ಬಿಡಿ, ಮಗು ಅಲೀತಾ ಇರುತ್ತೆ, ಅಂದಾಗ ಅವಳು ಕೇಳಿದ್ದಳು, ಹದಿಮೂರನೇ ದಿನ ಅಂತ ಯಾವ ದಿನದಿಂದ ಎಣಿಸೋದು ಅತ್ತೆ, ಹೇಳಿ. ಮಾಳವಿಕಾ ನಾಟಿಂಗ್‌ಹ್ಯಾಮಿನಿಂದ ರಜೆ ಸಿಕ್ಕಾಗೆಲ್ಲ ಬರುತ್ತಾಳೆ, ತಮ್ಮನ ಕೋಣೆಯ ಬಾಗಿಲು ದಾಟುವಾಗ ಹೆಜ್ಜೆ ಸದ್ದಾಗದ ಹಾಗೆ ನಡೆಯುತ್ತಾಳೆ, ಅಮ್ಮಾ, ಯೂ ಹ್ಯಾವ್ ಟು ಲೆಟ್ ಅಪ್ಪ ಗ್ರೀವ್, ನೀನು ಬಿಟ್ಟರೆ ತಾನೇ ಅವರು ಅಳೋದು. ಅಷ್ಟು ಕನ್ನಡ ಅವಳ ಬಾಯಲ್ಲಿ ಬಂದದ್ದು ಕೇಳಿ ದಾಕ್ಷಾಯಣಿ ಎದ್ದು ಹೋಗಿ ಸಾರು ಬಿಸಿಗಿಟ್ಟಳು.

ನಾಳೆ ಸೋಮವಾರ, ಚೀಡಲ್ಲಿನ ವಕೀಲರ ಹತ್ತಿರ ಹೋಗಬೇಕು. ವಿಲ್ಲು ಬದಲಾಯಿಸಬೇಕು, ಹಳೆಯದರಲ್ಲಿ ಇಬ್ಬರು ಮಕ್ಕಳ ಹೆಸರೂ ಇದೆ, ಇವರಿಗೆ ಎದೆ ಆಪರೇಷನ್ ಆದ ಮೇಲೆ ಅವಸರ. ಅವಳು ಬೇಡವೆನ್ನಲಿಲ್ಲ, ಒಂದೇ ಒಂದು ಸಾಲು ಸೇರಿಸಿ ಅಂದಳು, ಒಂದು ವೇಳೆ ಈಶಾನ್ ಬಂದರೆ ಅವನ ಪಾಲು ಅವನಿಗೆ. ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ದಾಕ್ಷಾ, ಕಾನೂನಿನ ಕಾಗದದಲ್ಲಿ ಆಸೆ ಬರೆಸೋಕಾಗಲ್ಲ. ಬರೆಸಿದ್ರೆ ಏನು ನಷ್ಟ ನಿಮಗೆ. ಬುದ್ಧಿ ನೆಟ್ಟಗಿರೋ ಯಾರೂ ಹಾಗೆ ಬರೆಸಲ್ಲ. ಹಾಗಾದ್ರೆ ನನ್ನ ಬುದ್ಧಿ ನೆಟ್ಟಗಿಲ್ಲ ಅಂತ ಬರೆಸಿ, ಅಂದಳು, ಅವತ್ತಿನಿಂದ ಊಟ ಬಡಿಸುವಾಗ ಬೇಕಾ ಸಾಕಾ ಅಷ್ಟೇ ಮಾತು, ಇವರು ರಾಶಿ ಪುಸ್ತಕ ತಂದು ಆ ಅಧ್ಯಕ್ಷರ ಜೀವನದೊಳಗೆ ಹೊಕ್ಕು ಕೂತರು. ಜನ ನಗುತ್ತಿದ್ದಾರೆ ಈಗ, ಯಾಕೆ — ಅಧ್ಯಕ್ಷರಾದ ಮೇಲೆ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲವಂತೆ, ಈ ದೇಶದಲ್ಲಿ ನನ್ನ ಮೂಗು ತೂರಿಸಬಹುದಾದದ್ದು ನನ್ನ ಕರವಸ್ತ್ರದೊಳಕ್ಕೆ ಮಾತ್ರ ಅನ್ನುತ್ತಿದ್ದರಂತೆ. ಜೀವಮಾನವಿಡೀ ಯಾವ ದೇಶಕ್ಕಾಗಿ ಅಲೆದರೋ ಆ ದೇಶದ ಘೋಷಣೆಯ ಕಾಗದದಲ್ಲಿ ಅವರ ಸಹಿ ಇಲ್ಲ, ಆ ದಿನ ಅವರು ಅಲ್ಲಿರಲಿಲ್ಲ, ಆಮೇಲೆ ಹಾಕಲು ಬಿಡಲಿಲ್ಲ. ಕಣ್ಣು ಹೋಗುತ್ತ ಬಂತು, ದೊಡ್ಡ ಅಕ್ಷರಗಳೂ ಕಾಣದು. ಆ ಬಿಳಿ ಮನೆಯಲ್ಲಿ ಒಬ್ಬ ಮುದುಕ, ಪಕ್ಕದಲ್ಲಿ ಒಬ್ಬ ಮುದುಕಿ, ಡಾಕ್ಟರು. ಇವರು ಒತ್ತುಗುಂಡಿ ಒತ್ತಿದರು, ಪರದೆಯ ಮೇಲೆ ಒಬ್ಬ ಯುವಕ ಬಂದ, ವಾಯುಪಡೆಯ ಉಡುಪು, ತೆಳು ಮೀಸೆ. ಈ ಚಿತ್ರ ಮನೆಯಲ್ಲಿ ಅಭ್ಯಾಸ ಮಾಡುವಾಗ ಇರಲಿಲ್ಲ. ದಾಕ್ಷಾಯಣಿ ನೆಟ್ಟಗೆ ಕೂತಳು.

ಅವರಿಗೆ ಇಬ್ಬರು ಗಂಡುಮಕ್ಕಳು, ಇವರು ಕೈಯಲ್ಲಿದ್ದ ಹಾಳೆ ನೋಡುತ್ತಿಲ್ಲ, ಇವನು ಕಿರಿಯವನು, ಮೈಕೆಲ್, ಕೇಂಬ್ರಿಜ್ಜಿನಲ್ಲಿ ಓದಿದವನು, ಎರಡನೇ ಯುದ್ಧದಲ್ಲಿ ಬ್ರಿಟಿಷ್ ವಿಮಾನ ಓಡಿಸುತ್ತಿದ್ದ, ನಲವತ್ತೆರಡರ ಫೆಬ್ರವರಿಯಲ್ಲಿ ಬಿಸ್ಕೇ ಕೊಲ್ಲಿಯ ಮೇಲೆ ಹೋದ ವಿಮಾನ ವಾಪಸು ಬರಲಿಲ್ಲ. ದೇಹ ಸಿಗಲಿಲ್ಲ. ಕಾಣೆಯಾಗಿದ್ದಾನೆ ಅಂತ ಬರೆದುಕೊಂಡರು. ನಾಗಭೂಷಣ ತಲೆ ತಗ್ಗಿಸಿದ, ರೇಡಿಯೇಟರಿನೊಳಗೆ ನೀರು ಗುಳುಗುಳು ಅನ್ನುತ್ತಿದೆ. ಅವರು ವಿಜ್ಞಾನಿ, ಇವರು ಹೇಳಿದರು, ಸಾಕ್ಷಿ ಇಲ್ಲದೆ ಯಾವುದನ್ನೂ ನಂಬಿದವರಲ್ಲ, ಮಗ ಹೋದ ಅನ್ನುವುದನ್ನೂ ಪೂರ್ತಿ ನಂಬಲಿಲ್ಲ. ಹತ್ತು ವರ್ಷದ ಮೇಲೆ ಅವರು ಸತ್ತಾಗ ಅವರ ವಿಲ್ಲಿನಲ್ಲಿ — ಇಲ್ಲಿ ಮೈಕಿನಲ್ಲಿ ಬರೀ ಉಸಿರು, ಒಂದು, ಇನ್ನೊಂದು — ಒಂದು ವೇಳೆ ಮಗ ವಾಪಸು ಬಂದರೆ, ಅಂತ ಅವನಿಗೂ ಏರ್ಪಾಡು ಮಾಡಿಟ್ಟಿದ್ದರು. ನಾನು ಬೇಸಿಗೆಯಲ್ಲಿ ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಮುಚ್ಚಿಟ್ಟಿದ್ದು ತಪ್ಪು. ಇವರು ಅವಳ ಕಡೆ ನೋಡುತ್ತಿದ್ದಾರೆ, ಇಡೀ ಹಾಲ್ ದಾಟಿ, ಅಷ್ಟು ತಲೆಗಳ ಮೇಲಿಂದ, ಶೂ ತೊಳೆದು ಬರಿಗಾಲಲ್ಲಿ ಬಂದು ನಿಂತಾಗಿನ ಅದೇ ಕಣ್ಣು, ಆದರೆ ಈ ಸಲ ಆ ಕಣ್ಣು ಇಲ್ಲ ಅನ್ನುತ್ತಿಲ್ಲ. ನಮಸ್ಕಾರ, ಅಂದರು, ಅಷ್ಟಕ್ಕೇ ಮುಗಿಸಿದರು, ಕೊನೆಯ ಪುಟ ಓದಲೇ ಇಲ್ಲ. ಚಪ್ಪಾಳೆ ತಡವಾಗಿ ಬಂತು, ಮೆಲ್ಲಗೆ, ಕುರ್ಚಿಗಳು ಎದ್ದವು, ಟೀ ಕೆಟಲಿನ ಸುತ್ತ ದನಿಗಳು, ಯಾರೋ ಅವಳ ಭುಜ ಮುಟ್ಟಿ ದಾಟಿಹೋದರು.

ಎರಡು ಲೋಟ ಟೀ ಹಿಡಿದು ಬಂದರು ಇವರು, ಪಕ್ಕದ ಕುರ್ಚಿಯಲ್ಲಿ ಕೂತು, ದಾಕ್ಷಾ, ನಾಳೆ ಆ ಸಾಲು ಬರೆಸೋಣ, ಅಂದರು. ಇದೇ ಮಾತಿಗಾಗಿ ಅವಳು ಎಷ್ಟು ದಿನ ಜಗಳವಾಡಿದ್ದಳು, ಎಷ್ಟು ಊಟ ಮಾತಿಲ್ಲದೆ ಮುಗಿಸಿದ್ದಳು, ಈಗ ಸಿಕ್ಕಿದೆ, ಕೈಗೇ ಬಂದಿದೆ, ಹಿಗ್ಗಬೇಕು, ಯಾಕೆ ಹಿಗ್ಗಲಾಗುತ್ತಿಲ್ಲ. ಇವರು ಇಲ್ಲ ಇಲ್ಲ ಅನ್ನುತ್ತ ಒಂದು ಕಡೆಯಿಂದ ಬಾಗಿಲೊಂದನ್ನು ಒತ್ತಿ ಹಿಡಿದಿದ್ದರು, ಅದಕ್ಕೇ ಅವಳು ಇನ್ನೊಂದು ಕಡೆಯಿಂದ ಇದ್ದಾನೆ ಇದ್ದಾನೆ ಅಂತ ತಳ್ಳುತ್ತ ನಿಂತಿರಲು ಸಾಧ್ಯವಾಗಿತ್ತು, ಸಾವನ್ನು ಹೊರುವ ಕೆಲಸ ಇವರದು, ಕಾಯುವ ಕೆಲಸ ಅವಳದು, ಇವರೂ ಈಗ ಕೈ ಬಿಟ್ಟು ಅವಳ ಪಕ್ಕದಲ್ಲಿ ಬಂದು ಕಾಯಲು ಕೂತರೆ ಆ ಕಡೆ ಯಾರಿದ್ದಾರೆ, ಬಾಗಿಲು ತಾನಾಗಿ ತೆರೆದುಕೊಂಡಿತು, ಆಚೆ ಯಾರೂ ಇಲ್ಲ. ಇವರ ಮುಖ ನೋಡಿದಳು, ಮಣಿಕಟ್ಟು ನೋಡಿದಳು, ಮೂಳೆ ಎದ್ದಿದೆ, ಇವರು ಅಲ್ಲಿ ನೋಡಿದ್ದನ್ನು ಒಬ್ಬರೇ ಇಟ್ಟುಕೊಂಡು ಎಷ್ಟು ಸೊರಗಿಹೋಗಿದ್ದಾರೆ. ಬೇಡ ರೀ, ಅಂದಳು. ಇವರಿಗೆ ಕೇಳಿಸಲಿಲ್ಲವೇನೋ, ಏನು, ಅಂದರು. ಬರೆಸೋದು ಬೇಡ, ಅವಳು ಲೋಟ ಕೆಳಗಿಟ್ಟು ಇವರ ಕೈ ಹಿಡಿದಳು, ರೋಗಿಗಳಿಗೆ ಹೇಳುವ ದನಿಯೇ ಬಂತು, ನಿಧಾನ, ಸುತ್ತುಬಳಸಿಲ್ಲದೆ, ಕಣ್ಣಿಗೆ ಕಣ್ಣಿಟ್ಟು, ಅವನು ಬರಲ್ಲ ರೀ. ಇವರು ತಲೆಯಾಡಿಸಿದರು, ಒಂದು ಸಲ, ಎರಡು ಸಲ, ಆಮೇಲೆ ಮೊಟ್ಟಮೊದಲ ಬಾರಿಗೆ ಆ ಹಾಲಿನ ನಡುವೆ, ಅಷ್ಟು ಜನರ ಎದುರಿಗೆ, ತಲೆ ಅವಳ ಭುಜಕ್ಕೆ ಒರಗಿಸಿ ಅತ್ತರು, ಸದ್ದಿಲ್ಲದೆ, ಬೆನ್ನು ಮಾತ್ರ ಅಲುಗುತ್ತಿದೆ, ಅವಳ ಕೈ ಆ ಬೆನ್ನಿನ ಮೇಲೆ ಓಡಾಡುತ್ತಿದೆ, ಅವಳಿಗೆ ಅಳು ಬರುತ್ತಿಲ್ಲ, ಕ್ಲೋರಿನ್ ವಾಸನೆ ಬರುತ್ತಿದೆ, ಬಿಳಿ ಹೆಂಚು, ಕೋಟು ಹಾಕಿಕೊಂಡು ಅಂಚಿನಲ್ಲಿ ಬಗ್ಗಿದ್ದಾಳೆ, ಈಗ ತಳ್ಳಲಿಲ್ಲ ಆ ಮುಖವನ್ನು, ಬರಲಿ, ಕೆನ್ನೆ ಉಬ್ಬಿಸಿ, ಕೂದಲು ಹುಲ್ಲಿನ ಹಾಗೆ ತೇಲುತ್ತ, ಮೂಗಿನಿಂದ ಒಂದೇ ಒಂದು ಗುಳ್ಳೆ, ನೀರಿನ ಕೆಳಗಿಂದ ಅವಳನ್ನೇ ನೋಡುತ್ತಿದ್ದಾನೆ, ಕಣ್ಣು ಬಿಟ್ಟುಕೊಂಡು, ಬಾ ಸಾಕು, ಅನ್ನುತ್ತಿದ್ದಾಳೆ, ಸಾಕು ಕಂದಾ, ನೋಡುತ್ತಿದ್ದಾನೆ, ಕಣ್ಣು ಬಿಟ್ಟುಕೊಂಡು, ನೀರಿನ ಕೆಳಗಿಂದ